ಮಳೆ ಸೀಮೆಯಲ್ಲಿ ಹಳೇ ಏಸ್ ಉಳಿಸಿಕೊಂಡದ್ದು

ತೀರ್ಥಹಳ್ಳಿ ಕಡೆ ಯಾರಾದರೂ ಹಳೇ ಗಾಡಿ ನೋಡಲು ಕರೆದರೆ ನಾನು ಮೀಟರಿನ ಕಡೆ ಆಮೇಲೆ ಕಣ್ಣು ಹಾಕುತ್ತೇನೆ. ಮೊದಲ ಕೆಲಸ, ಕೆಳಗೆ ಗೋಣಿಚೀಲ ಹಾಸಿ ಮಲಗಿ ಚಾಸಿ, ಅಂದರೆ ಗಾಡಿಯ ಕಬ್ಬಿಣದ ಅಡಿಚೌಕಟ್ಟು, ನೋಡುವುದು. ನನ್ನ ಸಣ್ಣ ಸರಕು ಗಾಡಿ ಟಾಟಾ ಏಸ್ ತಗೊಂಡದ್ದೂ ಹಾಗೇ. ಸಣ್ಣ ಸುತ್ತಿಗೆಯಲ್ಲಿ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಸಪ್ಪೆಯಾಗಿ ದಪ್ ಎನ್ನುತ್ತದೆ. ಸ್ಪ್ರಿಂಗ್ ಪ್ಲೇಟು ಚಾಸಿಗೆ ಸೇರುವ ಬ್ರಾಕೆಟ್‌ಗಳ ಸುತ್ತ, ಅಡ್ಡಪಟ್ಟಿಗಳ ಒಳಗೆ ಕೆಸರು ಕೂತು ಗಟ್ಟಿಯಾದ ಕಡೆ ಎರಡೆರಡು ಸಲ ತಟ್ಟಬೇಕು. ಇಲ್ಲಿನ ಮಳೆಯಲ್ಲಿ ಆ ಕೆಸರು ತಿಂಗಳುಗಟ್ಟಲೆ ಒಣಗುವುದೇ ಇಲ್ಲ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ ಮಾರುವವರಿಂದ ಫಾರಂ 35 ಬೇಕು, ಹೆಸರು ಬದಲಾಯಿಸಲು 29 ಮತ್ತು 30. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ). ಕಾರಿನ ಲೈಸೆನ್ಸ್‌ನಲ್ಲಿ ಇದನ್ನು ಓಡಿಸಬಹುದೇ ಎಂದು ಈಗಲೂ ಕೇಳುವವರಿದ್ದಾರೆ. ಓಡಿಸಬಹುದು. ಒಟ್ಟು ತೂಕ 7,500 ಕೆ.ಜಿ. ಮೀರದ ಸಾಗಣೆ ವಾಹನಕ್ಕೆ ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು, 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ಏಸ್ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ನನ್ನದು ಬಿಎಸ್-3 (ಹೊಗೆಯ ಮಟ್ಟದ ಹಳೇ ನಿಯಮ) ಕಾಲದ ಡೀಸೆಲ್ ಗಾಡಿ: ಎರಡು ಸಿಲಿಂಡರ್, 702 ಸಿಸಿ, 16 ಎಚ್‌ಪಿ. ಇಂಡಿಕಾ ಕಾರಿನ 1,405 ಸಿಸಿ ಎಂಜಿನ್ನನ್ನು ಅರ್ಧಕ್ಕೆ ಕೊಯ್ದರೆ ಸಿಗುವಷ್ಟೇ. ಟರ್ಬೊ ಇಲ್ಲ, ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್ ಡೀಸೆಲ್ ವ್ಯವಸ್ಥೆ ಇಲ್ಲ. ಸೀಟು ಎತ್ತಿದರೆ ಎಂಜಿನ್ ಕಣ್ಣೆದುರು. ಪೇಟೆಯ ಯಾವ ಗ್ಯಾರೇಜಿನಲ್ಲೂ ಸ್ಪ್ಯಾನರ್ ಹಿಡಿದವರಿಗೆ ಇದರ ಒಳಹೊರಗು ಗೊತ್ತು. ಹದಿನೈದು ವರ್ಷದ ಮೇಲೂ ಇದನ್ನು ಇಟ್ಟುಕೊಳ್ಳುವ ಧೈರ್ಯ ನನಗೆ ಬಂದದ್ದು ಈ ಸರಳತೆಯಿಂದ. ಇಷ್ಟು ಕಾಲ ನಾನು ಇದಕ್ಕೆ ಮಾಡಿದ ಕೆಲಸವನ್ನೆಲ್ಲ ಒಟ್ಟು ಹಾಕಿ ನೋಡಿದರೆ ಹೆಚ್ಚಿನದು ಒಂದಲ್ಲ ಒಂದು ರೂಪದ ನೀರಿನ ಜೊತೆಗಿನ ಗುದ್ದಾಟ.

ಮೊದಲನೆಯದು ರೇಡಿಯೇಟರಿನ ನೀರು. ನನಗಿಂತ ಮುಂಚೆ ಗಾಡಿ ಬರೀ ಹಳ್ಳದ ನೀರಿನಲ್ಲಿ ಓಡಿತ್ತು. ಮುಚ್ಚಳ ತೆಗೆದರೆ ಒಳಗೆ ಕೆಂಪು ರಾಡಿ. ಬರೀ ನೀರು ಕುದಿಯುವುದೊಂದೇ ತೊಂದರೆಯಲ್ಲ, ಅದು ಎಂಜಿನ್ನಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ, ಆ ತುಕ್ಕು ಬಂದು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕೂರುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಅಂಶವಿದೆ, ನಾವು ಹಣ ಕೊಡುವುದು ಮುಖ್ಯವಾಗಿ ಅದಕ್ಕೆ. ರೇಡಿಯೇಟರ್ ಬಿಚ್ಚಿಸಿ ನಾಳಗಳಿಗೆ ರಾಡ್ ಹೊಡೆಸಿ ಕ್ಲೀನ್ ಮಾಡಿಸಿದೆ, ಹೋಸುಗಳನ್ನು ಬದಲಾಯಿಸಿದೆ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ ತುಂಬಿದೆ. ರೇಡಿಯೇಟರ್ ಮುಚ್ಚಳವನ್ನೂ ಹೊಸದು ಹಾಕಿಸಿ. ಅದರ ಸ್ಪ್ರಿಂಗ್ ಸೋತರೆ ಒಳಗೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ.

ಹಳೇ ಏಸ್ ಕೊಳ್ಳುವವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ ನೋಡಿ. ನೀರಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ, ಆಯಿಲ್ ಮುಚ್ಚಳದ ಅಡಿ ಹಾಲಿನ ಕೆನೆಯಂಥದ್ದು ಅಂಟಿದ್ದರೆ, ಎಂಜಿನ್ನಿನ ತಲೆಭಾಗದ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿರುವ ಅನುಮಾನ ಪಡಬೇಕು.

ಪಿಸ್ಟನ್ನಿನ ತಾಳಕ್ಕೆ ವಾಲ್ವು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಮಾತ್ರ ನೀರಿನ ಲೆಕ್ಕಕ್ಕೆ ಸೇರದ್ದು, ಆದರೂ ಬಿಡುವಂತಿಲ್ಲ. ಗಾಡಿ ತಂದ ವಾರದಲ್ಲಿ ಬಣ್ಣ ಹೊಡೆಸುವ ಮಾತೆತ್ತಿದೆ. ನಮ್ಮ ಮೆಕ್ಯಾನಿಕ್, "ಗೌಡ್ರೇ, ಮೊದ್ಲು ಬೆಲ್ಟು, ಟೆನ್ಷನರ್ ಹಾಕ್ಸಿ. ಪೇಂಟು ಆಮೇಲ್ ನೋಡನ" ಎಂದರು. ಬೆಲ್ಟ್ ಕಡಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಹೆಡ್ ಕೆಲಸವೇ ಬರುತ್ತದೆ. ಹಿಂದೆ ಯಾವಾಗ ಬದಲಾಯಿಸಿದ್ದೆಂದು ಬಿಲ್ಲು ತೋರಿಸುವವರು ಸಿಗುವುದು ಅಪರೂಪ. ಕಿಲೋಮೀಟರ್ ಆಗದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹಾಗಾಗಿ ತಂದ ಕೂಡಲೇ ಹೊಸದು ಹಾಕಿಸಿ, ತಾರೀಕನ್ನು ಸೀಟಿನ ಅಡಿ ಬರೆದಿಡುವುದು ನನ್ನ ಪದ್ಧತಿ.

ಮಳೆಗಾಲದಲ್ಲಿ ಡೀಸೆಲ್ಲಿಗೂ ನೀರು ಸೇರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಗಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಟ್ಯಾಂಕ್ ತುಂಬಿಯೇ ಇಡುತ್ತೇನೆ, ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಯುತ್ತೇನೆ. ಆಮೇಲೆ ಕೈಪಂಪ್ ಒತ್ತಿ ಲೈನಿನ ಗಾಳಿ ತೆಗೆಯಬೇಕು. ಇದನ್ನು ಮಾಲೀಕರೇ ಕಲಿತುಕೊಳ್ಳಬೇಕೆಂಬುದು ನನ್ನ ಒತ್ತಾಯ, ಕಾಡಿನ ನಡುವೆ ಗಾಡಿ ನಿಂತರೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ.

ಬ್ರೇಕಿನ ವಿಷಯಕ್ಕೆ ಬರೋಣ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಲೋಡ್ ಇಟ್ಟುಕೊಂಡು ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು, ಬ್ರೇಕು ಬರೀ ತಿರುವಿಗೆ. ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಕೆಲವೇ ಒತ್ತಿಗೆ ಮುಗಿದು ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುವ ವಸ್ತು. ತೇವ ಹೆಚ್ಚಿದಷ್ಟು ಅದು ಕುದಿಯುವ ಉಷ್ಣಾಂಶ ಇಳಿಯುತ್ತದೆ. ಮೇಲೆ ಸರಿಯಿದ್ದ ಪೆಡಲ್ ಘಾಟಿಯ ಕೊನೆಗೆ ಮೆತ್ತಗಾದರೆ ಮೊದಲ ಅನುಮಾನ ಇದರ ಮೇಲೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತೇನೆ, ಅಗ್ಗದ ಕೆಲಸ.

ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿ ಹಿಡಿದು ಹಿಂದಿನ ಬ್ರೇಕ್ ಡ್ರಮ್ಮು ಒಣಗಿಸಬೇಕು. ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿಕಿಂಡಿ ಬ್ರೀದರಿನಿಂದಲೋ ಸೋತ ಸೀಲಿನಿಂದಲೋ ನೀರೆಳೆಯುತ್ತದೆ. ಮಳೆಗಾಲ ಮುಗಿದ ಮೇಲೆ ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಆಯಿಲ್ ಸ್ವಲ್ಪ ಬಸಿದು ಬಣ್ಣ ನೋಡುತ್ತೇನೆ. ಬೆಳ್ಳಗಾಗಿದ್ದರೆ ಪೂರ್ತಿ ಹೊಸದು.

ನಮ್ಮಂಥ ಅಡಿಕೆಯವರ ಗಾಡಿಗೆ ಇನ್ನೊಂದು ಕಂಟಕ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಸಾಲದಿದ್ದರೆ ಅದ್ದಿದ ಚಾಕುವಿನ ಮೇಲೆ ತಾಮ್ರ ಕೂರುತ್ತದೆ ಎಂಬುದು ಪ್ರತಿ ತೋಟದವರಿಗೂ ಗೊತ್ತು. ಚಾಕುವಿಗೆ ಆಗುವುದೇ ಗಾಡಿಯ ತಗಡಿಗೂ ಆಗುತ್ತದೆ: ತಾಮ್ರ ಕೂರುವಾಗ ಕಬ್ಬಿಣ ಕರಗುತ್ತದೆ. ತುತ್ತ ಕರಗಿಸಿದ ನೀರನ್ನು ನಾನು ಗಾಡಿಯಲ್ಲಿ ಸಾಗಿಸುವುದಿಲ್ಲ, ತುತ್ತ ಬೇರೆ, ಸುಣ್ಣ ಬೇರೆ ಒಯ್ದು ತೋಟದಲ್ಲೇ ಬೆರೆಸುವುದು. ಪೊಟ್ಯಾಷ್ ಚೀಲ ಹರಿದು ಚೆಲ್ಲಿದರೂ ಅಷ್ಟೇ, ಅದು ಉಪ್ಪಿನ ಜಾತಿಯದ್ದು. ಇಂಥ ಲೋಡ್ ಇಳಿಸಿದ ದಿನವೇ ಹಿಂದಿನ ಬಾಡಿ ತೊಳೆದು ಡೋರು ತೆರೆದಿಟ್ಟು ಒಣಗಿಸುತ್ತೇನೆ. ಚೀಲಗಳ ಕೆಳಗೆ ಮರದ ರೀಪು ಹಾಕಿದ್ದರಿಂದ ತಳಕ್ಕೆ ಗಾಳಿ ಆಡುತ್ತದೆ.

ಲೋಡಿನ ಮಾತು ಬಂದಾಗ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಈ ಗಾಡಿಯ ಲೋಡ್ 750 ಕೆ.ಜಿ. ಇನ್ನೂರು ಲೀಟರಿನ ಮೂರು ಡ್ರಮ್ ನೀರೇ 600 ಕೆ.ಜಿ., ಮೇಲೆ ಪಂಪು, ಪೈಪು, ಇಬ್ಬರು ಆಳು ಎಂದರೆ ಮುಗಿಯಿತು. ಡ್ರಮ್ ಅರ್ಧ ತುಂಬಿದ್ದರೆ ಇನ್ನೂ ಅಪಾಯ, ತಿರುವಿನಲ್ಲಿ ನೀರು ಒಂದು ಕಡೆಗೆ ನುಗ್ಗಿ ಗಾಡಿಯನ್ನೂ ಎಳೆಯುತ್ತದೆ. ಸ್ಪ್ರಿಂಗ್ ಪ್ಲೇಟು ಹೆಚ್ಚಿಗೆ ಹಾಕಿಸಿ ಒಂದೂವರೆ ಟನ್ ಹೇರುವ ರೂಢಿ ಎಲ್ಲೆಡೆ ಇದೆ. ಪ್ಲೇಟಿನಿಂದ ಗಾಡಿ ಕೂರದಿರಬಹುದು, ಆದರೆ ಬ್ರೇಕು, ಆಕ್ಸಲ್, ವೀಲ್ ಬೇರಿಂಗ್, ಚಾಸಿ ಮೊದಲಿನಷ್ಟೇ ಇರುತ್ತವೆ. ತುಕ್ಕು ಹಿಡಿದ ಚಾಸಿ ಬಿರುಕು ಬಿಡುವುದು ಇಂಥ ತೂಕಕ್ಕೇ. ನಾನು ಪ್ಲೇಟು ಹೆಚ್ಚಿಸಿಲ್ಲ, ಎರಡು ಟ್ರಿಪ್ ಹೊಡೆಯುತ್ತೇನೆ.

ತುಕ್ಕು ಹಿಡಿಯದಿರಲೆಂದು ಗಾಡಿಯ ಕೆಳಭಾಗಕ್ಕೆ ಎಂಜಿನ್ನಿನ ಸುಟ್ಟ ಆಯಿಲ್ ಬಳಿಯುವವರು ಬಹಳ. ಅದು ರಬ್ಬರ್ ಬುಶ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಧೂಳು ಅಂಟಿಸಿಕೊಳ್ಳುತ್ತದೆ, ತೋಟದ ಮಣ್ಣಿಗೂ ತೊಟ್ಟಿಕ್ಕುತ್ತದೆ. ಸಂಕ್ರಾಂತಿ ಕಳೆದ ಮೇಲೆ ಗಾಡಿಯ ಅಡಿ ಪೂರ್ತಿ ಒಣಗಿರುತ್ತದೆ. ಆಗ ವೈರ್ ಬ್ರಶ್ಶಿನಲ್ಲಿ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಕೊಟ್ಟು, ಮೇಲೆ ಕಪ್ಪು ಪೇಂಟ್ ಹೊಡೆಯುತ್ತೇನೆ. ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್ನಿಗೆ ಗ್ರೀಸು ಹೊಡೆಯುವುದು, ಯು ಬೋಲ್ಟ್ ಬಿಗಿ ಮಾಡಿಸುವುದು, ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ವೈರ್ ಬಿಚ್ಚಿ ಉಜ್ಜುವುದು ಅದೇ ಹೊತ್ತಿಗೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಆ ಅರ್ಥ್ ವೈರ್ ನೋಡಿ.

ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಮನೆಯವರೂ ಕೇಳುತ್ತಾರೆ, ಗ್ಯಾರೇಜಿನವರೂ ಕೇಳುತ್ತಾರೆ. ಕ್ಯಾಬಿನ್ನಿನ ತಳ ತೂತಾದರೆ ತಗಡು ಹಾಕಿಸುತ್ತೇನೆ, ಎಂಜಿನ್ ಸವೆದರೆ ಬೋರ್ ಮಾಡಿಸುತ್ತೇನೆ, ಇದಕ್ಕೆ ಪಿಸ್ಟನ್ನು, ರಿಂಗು ಸುಲಭವಾಗಿ ಸಿಗುತ್ತವೆ. ಸ್ಪ್ರಿಂಗ್ ಬ್ರಾಕೆಟ್ ಕೂರುವ ಜಾಗದಲ್ಲಿ ಚಾಸಿಯ ಉದ್ದದ ಕಂಬಿಯೇ ತೂತಾದರೆ ಮಾತ್ರ ಅಲ್ಲಿಗೆ ತೇಪೆ ಬೆಸುಗೆ ಹಾಕಿಸಿ ಘಾಟಿ ಇಳಿಯಲಾರೆ. ಅಂದು ಗುಜರಿಗೆ ಕೊಡುತ್ತೇನೆ. ಈ ವರ್ಷ ತಟ್ಟಿ ನೋಡಿದಾಗ ಎರಡೂ ಕಡೆ ಗಟ್ಟಿಯಾಗಿಯೇ ಇತ್ತು.