ಶೀಟಿನ ಮಾಡಿನ ಬಿಸಿ ಗಾಳಿಗೆ ದಾರಿ ಮಾಡಿಕೊಟ್ಟದ್ದು

ಉಡುಪಿ ಕಡೆ ತಾರಸಿ ಮನೆಯ ಮೇಲೆ ಇನ್ನೊಂದು ಶೀಟಿನ ಮಾಡು ಇರುವುದು ಮಾಮೂಲು. ಸ್ಲ್ಯಾಬ್ ಸೋರಬಾರದು, ಮಳೆಗಾಲದಲ್ಲಿ ಬಟ್ಟೆ ಒಣಗಬೇಕು ಅಲ್ವಾ? ಸಂತೆಕಟ್ಟೆಯ ಈ ಮನೆ ಕೊಂಡಾಗ ನಮಗೂ ಅಂಥದ್ದೇ ಮಾಡು ಸಿಕ್ಕಿತು. ಮಳೆ ಎರಚದಂತೆ ಸುತ್ತಲೂ ಶೀಟು ಹೊಡೆದು ಮುಚ್ಚಿದ್ದರು. ಮಾರ್ಚ್ ಬಂತೆಂದರೆ ಒಳಗೆ ನಿಲ್ಲಲಾಗದಷ್ಟು ಧಗೆ. ಹಗಲಿಡೀ ಕಾದ ಸ್ಲ್ಯಾಬ್ ರಾತ್ರಿ ಕೆಳಗಿನ ಕೋಣೆಗೆ ಬಿಸಿ ಬಿಡುತ್ತಿತ್ತು. ಎಸಿ ಬೆಳಗಿನವರೆಗೂ ಓಡುತ್ತಿತ್ತು.

ಹಳೆಯ ಹಂಚಿನ ಮನೆಗಳಲ್ಲಿ ಈ ತೊಂದರೆ ಕಡಿಮೆ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಮಾಡಲು ಶುರುಮಾಡಿದ ಹಂಚು ಒಂದಕ್ಕೊಂದು ಕಚ್ಚಿ ಕೂರುತ್ತದೆ. ಆದರೂ ಸಂದಿನಲ್ಲಿ ಗಾಳಿ ಆಡುತ್ತದೆ. ಬಿಸಿ ಗಾಳಿ ಹಗುರ, ಸಂದು ಸಿಕ್ಕರೆ ತಾನೇ ಹೊರಗೆ ಹೋಗುತ್ತದೆ. ಶೀಟಿನಲ್ಲಿ ಅಂಥ ಸಂದೇ ಇಲ್ಲ.

ಅಂಗಡಿಯವರು ಮಾಡಿನ ತುದಿಗೆ, ಬಿಸಿ ಗಾಳಿ ಹೊರಗೆಳೆಯಲು ಗಿರಗಿರ ತಿರುಗುವ ಟರ್ಬೋ ವೆಂಟಿಲೇಟರ್ ಹಾಕಿಸಿ ಎಂದರು. ನಾನು ಒಪ್ಪಲಿಲ್ಲ. ಕೆಳಗಿಂದ ಗಾಳಿ ಬರಲು ದಾರಿಯಿಲ್ಲದಿದ್ದರೆ ಮೇಲಿನಿಂದ ಹೋಗುವುದಾದರೂ ಏನು? ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಒಂದು ಅಳತೆ ಇದೆ. ಮಾಡಿನಡಿಯ ನೆಲ 300 ಚದರ ಅಡಿ ಇದ್ದರೆ ತೆರಪು 1 ಚದರ ಅಡಿಯಾದರೂ ಬೇಕು. ಅದರಲ್ಲಿ ಸುಮಾರು ಅರ್ಧ ಮೇಲೆ, ಉಳಿದದ್ದು ಕೆಳಗೆ ಇದ್ದರೆ ಮಾತ್ರ ಇಷ್ಟು ಸಾಕು. ನಮ್ಮ ಸೆಕೆಗೆ ಅದು ಸಾಲದು ಅನಿಸಿತು, ತೆರಪಿಗೆ ಹಾಕುವ ಜಾಲರಿಯೂ ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಅದಕ್ಕೇ ಬಹಳ ಜಾಸ್ತಿ ಬಿಟ್ಟೆ.

ನಿಜವಾದ ತಲೆನೋವು ದಿಕ್ಕಿನದ್ದು. ಮಧ್ಯಾಹ್ನದ ಕಡಲ ಗಾಳಿ ಬರುವುದು ಪಡುವಣದಿಂದ. ಜೂನ್‌ನ ಮಳೆ ಬಡಿಯುವುದೂ ಅದೇ ಕಡೆಯಿಂದ. ಗೋಡೆಯಲ್ಲಿ ಕಿಟಕಿ ತೆಗೆದರೆ ನೀರು ಒಳಗೆ ಬರುತ್ತದೆ. ಹಾಗಾಗಿ ಸೂರನ್ನು ಎರಡೂವರೆ ಅಡಿ ಹೊರಗೆ ಚಾಚಿಸಿ, ಅದರ ಅಡಿಭಾಗದಲ್ಲಿ ಕೆಳಮುಖವಾಗಿ ಉದ್ದಕ್ಕೂ ತೆರಪು ಬಿಡಿಸಿದೆ. ಗಾಳಿ ಕೆಳಗಿಂದ ಏರಿ ಬರುತ್ತದೆ, ಮಳೆಹನಿ ಹಾಗೆ ಏರುವುದು ಕಷ್ಟ. ಮಾಡಿನ ತುದಿಯಲ್ಲಿ ಮುಚ್ಚಳದ ಶೀಟನ್ನು ನಾಲ್ಕು ಇಂಚು ಎತ್ತಿಸಿ, ಎರಡೂ ಅಂಚನ್ನು ಕೆಳಕ್ಕೆ ಬಗ್ಗಿಸಿದೆವು. ಇಲಿ, ಬಾವಲಿ ನುಗ್ಗದಂತೆ ಸ್ಟೀಲ್ ಜಾಲರಿ ಹಾಕಿದೆವು.

ಕೆಲಸ ಮುಗಿದ ಮಧ್ಯಾಹ್ನ ಒಂದು ಊದುಬತ್ತಿ ಹಚ್ಚಿ ಸೂರಿನ ತೆರಪಿನ ಹತ್ತಿರ ಹಿಡಿದೆ. ಹೊಗೆ ನೆಟ್ಟಗೆ ನಿಲ್ಲಲಿಲ್ಲ. ಒಳಕ್ಕೆ ಬಾಗಿ, ಶೀಟಿನ ಅಡಿ ಹಿಡಿದು, ತುದಿಯ ಕಡೆಗೆ ಎಳೆದುಕೊಂಡು ಹೋಯಿತು. ತುಂಬ ಖುಷಿಯಾಯಿತು.

ಆದರೆ ಗಾಳಿಯೊಂದೇ ಸಾಲದು. ಕಾದ ಶೀಟು ಗಾಳಿಯ ಹಂಗಿಲ್ಲದೆ ನೇರವಾಗಿ ಸ್ಲ್ಯಾಬಿಗೆ ಶಾಖ ಬೀರುತ್ತದೆ. ಅದಕ್ಕೆ ಶೀಟಿನ ಕೆಳಗೆ ಸ್ವಲ್ಪ ಜಾಗ ಬಿಟ್ಟು ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟಿಸಿದೆ. ಎರಡೂ ಸೇರಿದ ಮೇಲೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಈಗ ಏಪ್ರಿಲ್‌ನಲ್ಲೂ ಮಲಗುವ ಹೊತ್ತಿಗೆ ಒಂದಿಷ್ಟು ಎಸಿ ಹಾಕಿದರೆ ಸಾಕು, ಆಮೇಲೆ ಫ್ಯಾನ್. ಚಳಿಗಾಲದ ಬೆಳಗ್ಗೆ ಶೀಟಿನಡಿ ಇಬ್ಬನಿ ಕಟ್ಟಿ ತೊಟ್ಟಿಕ್ಕುವುದೂ ಕಡಿಮೆಯಾಗಿದೆ.

ಪ್ರತಿ ಮೇ ಕೊನೆಗೆ ಏಣಿ ಹಾಕಿ ಜಾಲರಿ ನೋಡುತ್ತೇನೆ. ತರಗೆಲೆ, ಜೇಡರ ಬಲೆ ಕಟ್ಟಿಕೊಂಡಿರುತ್ತದೆ. ಕಣಜದ ಗೂಡು ಕಂಡರೆ ಮಾತ್ರ ಕೈ ಹಾಕುವುದಿಲ್ಲ, ತಿಳಿದವರನ್ನು ಕರೆಸುತ್ತೇನೆ.