ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಹೊರಡುವ ಮುನ್ನ

ಹಾಸನದಿಂದ ಹೊರದೇಶಕ್ಕೆ ಇಂಗ್ಲಿಷ್ ಶಿಕ್ಷಕರಾಗಿ ಹೋಗಬಯಸುವವರು ಸಂಬಳಕ್ಕಿಂತ ಮೊದಲು ವಿಚಾರಿಸಬೇಕಾದದ್ದು, ಆ ದೇಶವು ಭಾರತೀಯರಿಗೆ ಈ ಕೆಲಸದ ವೀಸಾ ಕೊಡುತ್ತದೆಯೇ ಎಂಬುದನ್ನು. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ ಮೊದಲಾದ 7 ದೇಶಗಳ ಪ್ರಜೆಗಳಿಗೆ ಮೀಸಲು; ಥಾಯ್ಲೆಂಡ್‌ನಲ್ಲಿ ಭಾರತೀಯ ಪದವೀಧರರಿಗೆ ಅವಕಾಶವಿದ್ದರೂ ಕೆಲಸಕ್ಕೆ ಬರುವವರಿಗೆ ಕೊಡುವ ನಾನ್-ಇಮಿಗ್ರಂಟ್ ‘ಬಿ’ ವೀಸಾದ ಜೊತೆಗೆ ಕೆಲಸದ ಪರವಾನಗಿಯೂ ಬೇಕು. ‘ಪ್ರವಾಸಿ ವೀಸಾದಲ್ಲಿ ಹೋಗಿ, ಆಮೇಲೆ ನೋಡೋಣ’ ಎನ್ನುವ ಏಜೆಂಟರಿಂದ ದೂರವಿರಿ.

ಪದವಿಯ ಜೊತೆಗೆ 120 ಗಂಟೆಗಳ ಟೆಫಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ) ಪ್ರಮಾಣಪತ್ರವನ್ನು ಅನೇಕ ಶಾಲೆಗಳು ಕೇಳುತ್ತವೆ.

ಹೆಚ್ಚು ಸಮಯ ನುಂಗುವುದು ದಾಖಲೆಗಳ ದೃಢೀಕರಣ. ತಾತ್ಕಾಲಿಕ ಪ್ರಮಾಣಪತ್ರವನ್ನು ನೆಚ್ಚಿಕೊಳ್ಳದೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರು ಅಲ್ಲಿಂದ ಘಟಿಕೋತ್ಸವ ಪ್ರಮಾಣಪತ್ರವನ್ನು ಮೊದಲೇ ತರಿಸಿಕೊಳ್ಳಬೇಕು. ನಮ್ಮ ಕಡೆಯ ಅಂಕಪಟ್ಟಿಗಳಲ್ಲಿ ಊರು ಮತ್ತು ತಂದೆಯ ಹೆಸರು ಬರೀ ಇನಿಷಿಯಲ್ ಆಗಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದಿರುತ್ತವೆ. ಈ ವ್ಯತ್ಯಾಸಕ್ಕೆ ನೋಟರಿಯಿಂದ ಅಫಿಡವಿಟ್ ಮಾಡಿಸಿಡುವುದು ಜಾಣತನ. ರಾಜ್ಯಮಟ್ಟದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಒಪ್ಪಂದಕ್ಕೆ ಸೇರಿದ ದೇಶಗಳು ಮಾನ್ಯ ಮಾಡುವ ದೃಢೀಕರಣ) ಮುದ್ರೆ ಕೊರಿಯಾದಂಥ ದೇಶಗಳಿಗೆ ಸಾಕು. ಯುಎಇಗೆ ಸಚಿವಾಲಯದ ದೃಢೀಕರಣದ ಜೊತೆಗೆ ಭಾರತದಲ್ಲಿರುವ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಆದರೆ ಹಳೆಯದಾದರೆ ಒಪ್ಪದಿರಬಹುದಾದ್ದರಿಂದ ಅದನ್ನು ಕೊನೆಗೆ ಮಾಡಿಸಿ.