ಹೆಸರು ಓದುವ ಕೆಲಸ

ಮಂಗಳೂರಿನ ಕದ್ರಿ ಗುಡ್ಡೆಯ ಆಕಾಶವಾಣಿಗೆ ನಾನು ಕ್ಯಾಶುವಲ್ ಅನೌನ್ಸರ್ ಆಗಿ ಸೇರಿದ್ದು 1986ರಲ್ಲಿ. 1976ರ ಡಿಸೆಂಬರಿನಲ್ಲಿ ಶುರುವಾದ ನಿಲಯಕ್ಕೆ ಆಗ ಹತ್ತು ತುಂಬುತ್ತಿತ್ತು. ದನಿ ಚೆನ್ನಾಗಿದೆ ಎಂದು ನನ್ನನ್ನು ಆರಿಸಿದ್ದರು. ಕೋರಿಕೆಯ ಚಿತ್ರಗೀತೆಗಳಿಗೆ ಕೂತ ಮೊದಲ ವಾರವೇ ಗೊತ್ತಾಯಿತು, ಇದು ಹೆಸರು ಓದುವ ಕೆಲಸ.

ನನ್ನ ಮನೆಮಾತು ತುಳು. ಮಹಾಪ್ರಾಣ ನಾಲಿಗೆಗೆ ಬಂದದ್ದಲ್ಲ. ಭಾರತಿ ಬಾರತಿಯಾಗುತ್ತಿದ್ದಳು, ಧನಂಜಯ ದನಂಜಯನಾಗುತ್ತಿದ್ದ. ಹಿರಿಯ ಉದ್ಘೋಷಕಿಯೊಬ್ಬರು ಬಾಯಿ ಮುಂದೆ ಅಂಗೈ ಹಿಡಿದುಕೊಂಡು ‘ಪಲ, ಫಲ’ ಎಂದು ಹೇಳಿಸಿದರು. ಎರಡನೆಯದಕ್ಕೆ ಅಂಗೈಗೆ ಉಸಿರು ತಾಗಬೇಕು. ಅಡುಗೆ ಮಾಡುತ್ತಲೂ ಅದೇ ಅಭ್ಯಾಸ. ಮೂರು ತಿಂಗಳು ಹಿಡಿಯಿತು.

ಹಾಡು ಕೋರಿ ಅಂಚೆ ಕಾರ್ಡುಗಳು ಬರುತ್ತಿದ್ದವು, ಆಗ 15 ಪೈಸೆಯವು. ಒಂದೊಂದರಲ್ಲಿ ಇಡೀ ಮನೆಯ ಹೆಸರು, ಪಕ್ಕದ ಮನೆಯ ಮಕ್ಕಳದ್ದೂ ಸೇರಿ. ಹೆಚ್ಚಿನವು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರದ್ದು. ಕೈಗೆ ಬಿಡುವಿಲ್ಲ, ಕಿವಿಗೆ ರೇಡಿಯೊ. ಅರ್ಧ ಗಂಟೆಯಲ್ಲಿ ಮೂರು ಮುಕ್ಕಾಲು ನಿಮಿಷದ 7 ಹಾಡು ಹಾಕಿದರೆ ಮಾತಿಗೆ ಉಳಿಯುವುದು 4 ನಿಮಿಷಕ್ಕೂ ಕಡಿಮೆ. ಆದ್ದರಿಂದ ಹವಾಮಾನ, ಶುಭಾಶಯ, ನನ್ನ ಅಭಿಪ್ರಾಯ ಎಲ್ಲ ಬಿಟ್ಟೆ. ಹೆಸರು ಬಿಡಲಿಲ್ಲ. ಕಾರ್ಲ, ಬೆದ್ರ, ಒಡಿಪು ಎಂದು ಬರೆದವರ ಊರನ್ನು ಕಾರ್ಕಳ, ಮೂಡುಬಿದಿರೆ, ಉಡುಪಿ ಎಂದು ತಿದ್ದಲೂ ಇಲ್ಲ. ಅವರು ತಮ್ಮ ಊರನ್ನು ಕರೆಯುವುದು ಹಾಗೆ.

ಆಗ ನಮ್ಮ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ಇದ್ದದ್ದು ಬ್ರಹ್ಮಾವರದಲ್ಲಿ, 1089 ಕಿಲೋಹರ್ಟ್ಸ್. ಗುಡುಗು ಮಿಂಚಿನ ದಿನ ರೇಡಿಯೊದಲ್ಲಿ ಕರಕರ ಶಬ್ದವೇ ಜಾಸ್ತಿ, ಪದದ ಕೊನೆ ಅದರಲ್ಲಿ ಮುಳುಗುತ್ತದೆ. ಅಂಥ ದಿನ ಪ್ರತಿ ಹೆಸರಿನ ಕೊನೆಯ ಅಕ್ಷರವನ್ನು ಬಿಡಿಸಿ ಹೇಳಿ, ಒಂದು ಕ್ಷಣ ನಿಲ್ಲಿಸಿ ಮುಂದಕ್ಕೆ ಹೋಗುತ್ತಿದ್ದೆ.

ಆಮೇಲೆ ಹಾಡು. ಎಲ್ಪಿ ಎಂಬ ಗ್ರಾಮಫೋನ್ ತಟ್ಟೆಯ ಮೇಲೆ ಎರಡು ಹಾಡುಗಳ ನಡುವಿನ ನಯವಾದ ಜಾಗಕ್ಕೆ ಮುಳ್ಳು ಇಳಿಸಬೇಕು, ಹೆಡ್‌ಫೋನಿನಲ್ಲಿ ಮೊದಲ ಸ್ವರ ಕೇಳಿದೊಡನೆ ತಟ್ಟೆ ನಿಲ್ಲಿಸಿ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ವೇಗ ಹಿಡಿಯುವ ಮೊದಲೇ ಹಾಡು ಶುರುವಾಗಿ ಪಿಟೀಲು ಅತ್ತ ಹಾಗೆ ಕೇಳುತ್ತದೆ. ಎಲ್ಪಿ ನಿಮಿಷಕ್ಕೆ 33 ಚಿಲ್ಲರೆ ಸುತ್ತು. ಅರ್ಧ ಸುತ್ತಿಗೆ ಒಂದು ಸೆಕೆಂಡಿಗಿಂತ ತುಸು ಕಡಿಮೆ. ಕೊನೆಯ ಹೆಸರಿನ ಕೊನೆಯ ಅಕ್ಷರಕ್ಕೆ ಮೋಟಾರಿನ ಗುಂಡಿ ಒತ್ತಿದರೆ ಮಾತಿನ ಬೆನ್ನಿಗೇ ಹಾಡು.

ಒಂದು ಸಲ ಪಿ. ಸುಶೀಲಾ ಹಾಡಿದ್ದನ್ನು ಎಸ್. ಜಾನಕಿ ಎಂದುಬಿಟ್ಟೆ. ಆ ವಾರವೇ ಕಾರ್ಲದಿಂದ ಕಾರ್ಡು: “ಅಕ್ಕಾ, ಅದು ಸುಶೀಲಮ್ಮ ಹಾಡಿದ್ದಲ್ಲವಾ? ಮತ್ತೆರಡು ಕಟ್ಟು ಬೀಡಿ ಮುಗಿಯುವವರೆಗೂ ಅದೇ ಯೋಚನೆ.” ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಮುಂದಿನ ಕೋರಿಕೆಯ ದಿನ ಮೊದಲ ಮಾತಾಗಿ ತಪ್ಪು ಒಪ್ಪಿಕೊಂಡು ಅದೇ ಹಾಡು ಮತ್ತೆ ಹಾಕಿದೆ. ಅಲ್ಲಿಂದ ಮುಂದೆ ತಟ್ಟೆಯ ಲೇಬಲ್ಲು, ಲೈಬ್ರರಿಯ ಕಾರ್ಡು, ನನ್ನ ಕಿವಿ ಮೂರೂ ಒಪ್ಪದೆ ಗಾಯಕರ ಹೆಸರು ಹೇಳಿದ್ದಿಲ್ಲ. ಸಾಹಿತ್ಯ, ಸಂಗೀತ ಯಾರದೆಂದು ಹೇಳದೆ ಹಾಡು ಹಾಕುವುದು ನನ್ನ ಮಟ್ಟಿಗೆ ಈಗಲೂ ಅನ್ಯಾಯ.

ತಟ್ಟೆ ಹೋಗಿ ಕಂಪ್ಯೂಟರ್ ಬಂತು, 100.3 ಎಫ್ಎಂ ಬಂತು. ಫೋನ್-ಇನ್‌ನಲ್ಲಿ ಕೇಳುಗರು ತಮ್ಮ ಹೆಸರನ್ನು ತಾವೇ ಹೇಳತೊಡಗಿದರು. ಹಾಗೆ ಕೇಳಿದಾಗಲೇ ಗೊತ್ತಾದದ್ದು, ಎಷ್ಟೋ ಹೆಸರುಗಳನ್ನು ನಾನು ವರ್ಷಗಟ್ಟಲೆ ಬೇರೆ ರಾಗದಲ್ಲಿ ಓದುತ್ತಿದ್ದೆ. ಆಗ ಇಟ್ಟ ಊರು-ಹೆಸರುಗಳ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರ ಇದೆ.

ಮೊನ್ನೆ ಹೊಸ ಹುಡುಗಿಯೊಬ್ಬಳು ಫೋನ್ ಮಾಡಿದಳು. “ಮೇಡಂ, ಶಂಭೂರಿಗೆ ಒತ್ತಿ ಹೇಳಬೇಕಾ, ಶಂಬೂರು ಅಂದರೆ ಸಾಕಾ?” ನೋಟ್‌ಬುಕ್ಕಿನಲ್ಲಿ ಇರಲಿಲ್ಲ. “ಹತ್ತು ನಿಮಿಷ ತಡಿ” ಎಂದು ಬಂಟ್ವಾಳದ ನಾದಿನಿಗೆ ಫೋನ್ ಹಚ್ಚಿದೆ.